ಕಣ್ಣು ಮಂಜಾದ ಬೆಕ್ಕಿಗೆ ಮನೆಯೇ ನೆನಪು

ಯುಗಾದಿಗೆ ಇನ್ನೊಂದು ವಾರ ಇದೆ ಅನ್ನುವಾಗ ಉಚ್ಚಂಗಿದುರ್ಗದ ಮನೆಗಳಲ್ಲಿ ಸಾಮಾನೆಲ್ಲ ಅಂಗಳಕ್ಕೆ ಬರುತ್ತದೆ. ಗೋಡೆಗೆ ಸುಣ್ಣ, ನೆಲಕ್ಕೆ ಫಿನಾಯಿಲ್, ಜೋಳದ ಚೀಲಗಳಿಗೆ ಬೇರೆ ಜಾಗ. ಉಚ್ಚಂಗೆಮ್ಮನ ಜಾತ್ರೆಗೆ ಬರುವ ನೆಂಟರಿಗೆಂದು ಪಡಸಾಲೆ ಖಾಲಿಯಾಗುತ್ತದೆ. ಮನೆಯಲ್ಲಿ ಮುದಿ ಬೆಕ್ಕು ಇದ್ದರೆ ಅದು ದಿಕ್ಕು ತಪ್ಪುವುದು ಇಂಥ ವಾರದಲ್ಲೇ. ನಿನ್ನೆಯವರೆಗೆ ಒಲೆಯ ಮಗ್ಗುಲಿಂದ ಹಿತ್ತಲಿಗೆ, ಹಿತ್ತಲಿಂದ ಚೀಲದ ಸಂದಿಗೆ ತನ್ನ ಪಾಡಿಗೆ ಓಡಾಡಿಕೊಂಡಿದ್ದ ಪ್ರಾಣಿ ಇವತ್ತು ನಡುಮನೆಯಲ್ಲಿ ನಿಂತು ಕೂಗುತ್ತದೆ, ಕಂಬಕ್ಕೆ ಹಾಯುತ್ತದೆ, ಬಾಗಿಲ ಹಿಂದಿನ ಮೂಲೆಯಲ್ಲಿ ಮುಖವಿಟ್ಟು ನಿಂತುಬಿಡುತ್ತದೆ. "ಮುದಿ ಆಗೇತಿ ಬಿಡ್ರಿ, ಅರಳುಮರಳು" ಎಂದು ಹಿರಿಯರು ಅನ್ನುತ್ತಾರೆ. ಅದರ ಕಣ್ಣು ಹೋಗಿ ತಿಂಗಳುಗಳೇ ಆಗಿರಬಹುದು. ಸಾಮಾನಿನ ಮೂಲೆ, ಗೋಡೆಯ ವಾಸನೆ, ಹೆಜ್ಜೆಯ ಲೆಕ್ಕ ನೆನಪಿಟ್ಟುಕೊಂಡು ಕಣ್ಣಿದ್ದ ಹಾಗೆಯೇ ಬದುಕುತ್ತಿತ್ತು, ಯಾರಿಗೂ ಗೊತ್ತಾಗಿರಲಿಲ್ಲ ಅಷ್ಟೆ.

ಕುರುಡು ಬೆಕ್ಕು ನೆನಪಿನ ಬಲದಿಂದ ಬದುಕುತ್ತದೆ. ಮೀಸೆ, ಮೂಗು, ಕಿವಿ ನೆರವಿಗಿದ್ದರೂ ದಾರಿ ತೋರಿಸುವುದು ನೆನಪೇ. ಮುಪ್ಪಿನಲ್ಲಿ ಆ ನೆನಪೂ ಜಾರತೊಡಗಿದರೆ ಬೆಕ್ಕಿಗೆ ಉಳಿಯುವುದು ಮನೆಯವರು ಮಾತ್ರ. ಅದು ಮರೆತದ್ದನ್ನು ಮನೆ ನೆನಪಿಟ್ಟುಕೊಳ್ಳಬೇಕು: ತಟ್ಟೆ ಅದೇ ಜಾಗದಲ್ಲಿ, ಊಟ ಅದೇ ಹೊತ್ತಿಗೆ, ಹಾಸಿಗೆ ಅದೇ ವಾಸನೆಯಲ್ಲಿ. ಇದಕ್ಕೆ ದುಡ್ಡು ಹೆಚ್ಚು ಬೇಡ. ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಡಗಲಿ ಕಡೆಯ ಮಾಳಿಗೆ ಮನೆಯಲ್ಲಿಯೂ ಆಗುತ್ತದೆ, ಹೊಸ ಆರ್‌ಸಿಸಿ ಮನೆಯಲ್ಲಿಯೂ ಆಗುತ್ತದೆ. ಆದರೆ ಅದಕ್ಕೂ ಮುಂಚೆ ತಿಳಿದುಕೊಳ್ಳಬೇಕಾದ್ದೊಂದಿದೆ. ಮುಪ್ಪು ಎಂದುಕೊಂಡು ಬಿಟ್ಟುಬಿಡುವುದರಲ್ಲಿ ಬಹಳಷ್ಟು ಮುಪ್ಪಲ್ಲ, ಔಷಧಿ ಇರುವ ಕಾಯಿಲೆ.

ಹೋಗಿದ್ದು ಕಣ್ಣೋ, ನೆನಪೋ?

ಬೆಕ್ಕಿಗೆ 10 ವರ್ಷ ದಾಟಿದರೆ ಪಶುವೈದ್ಯರ ಲೆಕ್ಕದಲ್ಲಿ ಅದು ಹಿರಿಯ ಬೆಕ್ಕು. 15 ವರ್ಷದ್ದೆಂದರೆ ಮನುಷ್ಯರಲ್ಲಿ ಎಪ್ಪತ್ತೈದು ದಾಟಿದವರ ವಯಸ್ಸು. ವಿದೇಶಗಳಲ್ಲಿ ನಡೆದ ಅಧ್ಯಯನಗಳ ಪ್ರಕಾರ 11ರಿಂದ 14 ವರ್ಷದ ಬೆಕ್ಕುಗಳಲ್ಲಿ ಸುಮಾರು ಶೇ 28ರಷ್ಟು, 15 ದಾಟಿದವುಗಳಲ್ಲಿ ಅರ್ಧದಷ್ಟು, ಮರೆವಿಗೆ ಸೇರಿದ ಒಂದಾದರೂ ಲಕ್ಷಣ ತೋರಿಸುತ್ತವೆ. ಮನುಷ್ಯರ ಆಲ್‌ಝೈಮರ್ ಕಾಯಿಲೆಯಲ್ಲಿ ಮಿದುಳಿನಲ್ಲಿ ಕಟ್ಟಿಕೊಳ್ಳುವ ಅಮೈಲಾಯ್ಡ್ ಬೀಟಾ ಎಂಬ ಪ್ರೋಟೀನೇ ಮುದಿ ಬೆಕ್ಕುಗಳ ಮಿದುಳಿನಲ್ಲೂ ಸಿಗುತ್ತದೆ. ಎಡಿನ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು ಸತ್ತ 25 ಬೆಕ್ಕುಗಳ ಮಿದುಳನ್ನು ಪರೀಕ್ಷಿಸಿ, ನರಕೋಶಗಳು ಒಂದಕ್ಕೊಂದು ಕೂಡುವ ಜಾಗದಲ್ಲೇ ಈ ಪ್ರೋಟೀನ್ ಸೇರಿರುವುದನ್ನು 2025ರಲ್ಲಿ ತೋರಿಸಿದರು. ಮುದಿ ಬೆಕ್ಕು ಬೇಕೆಂದೇ ಹಟ ಮಾಡುತ್ತದೆ, ಬೇಕೆಂದೇ ಮೂಲೆಯಲ್ಲಿ ಉಚ್ಚೆ ಹೊಯ್ಯುತ್ತದೆ ಎಂದುಕೊಳ್ಳುವವರು ಇದನ್ನು ತಿಳಿದಿರಬೇಕು.

ಕಣ್ಣು ಕಾಣುತ್ತದೋ ಇಲ್ಲವೋ ನೋಡಲು ಮುಖದ ಮುಂದೆ ಕೈ ಬೀಸಬೇಡಿ. ಗಾಳಿ ಮೀಸೆಗೆ ತಾಗಿ ಕುರುಡು ಬೆಕ್ಕೂ ಕಣ್ಣು ಮಿಟುಕಿಸುತ್ತದೆ. ಒಂದು ಹತ್ತಿಯ ಉಂಡೆ ಮಾಡಿ ಅದರ ಎದುರಿಗೆ, ಒಂದು ಮೊಳ ದೂರದಲ್ಲಿ, ಸದ್ದಿಲ್ಲದೆ ಮೇಲಿಂದ ಬಿಡಿ. ಹತ್ತಿಗೆ ವಾಸನೆಯೂ ಇಲ್ಲ, ಬಿದ್ದ ಸದ್ದೂ ಇಲ್ಲ. ಕಣ್ಣಿದ್ದರೆ ಬೆಕ್ಕು ಅದನ್ನು ಹಿಂಬಾಲಿಸಿ ನೋಡುತ್ತದೆ. ಬೆಕ್ಕು ಬೇಸತ್ತೂ ಸುಮ್ಮನಿರಬಹುದು, ಹಾಗಾಗಿ ಬೇರೆ ಬೇರೆ ಹೊತ್ತಿನಲ್ಲಿ ಮಾಡಿ ನೋಡಿ. ಆಮೇಲೆ ಹಗಲು ಬೆಳಕಿನಲ್ಲಿ ಬಾಗಿಲ ಬಳಿ ಎತ್ತಿಕೊಂಡು ಪಾಪೆ ನೋಡಿ. ಬಿಸಿಲಿಗೆ ಅದು ಸಣ್ಣ ಗೀರಾಗಬೇಕು. ನಡುಹಗಲಿನಲ್ಲೂ ಎರಡೂ ಕಣ್ಣು ಅಗಲವಾಗಿ ಕಪ್ಪಗೇ ಇದ್ದರೆ ಮುಂದಿನ ಭಾಗವನ್ನು ಮೊದಲು ಓದಿ.

ಕಣ್ಣಿನಲ್ಲಿ ತಿಳಿನೀಲಿ ಮಂಜು ಕಂಡಕೂಡಲೇ ಗಾಬರಿಯಾಗಬೇಕಿಲ್ಲ. ವಯಸ್ಸಾದ ಬೆಕ್ಕಿನ ಕಣ್ಣಿನ ಮಸೂರ ಗಟ್ಟಿಯಾಗಿ ಹಾಗೆ ಕಾಣುತ್ತದೆ, ನೋಟ ಹೆಚ್ಚೇನೂ ಕೆಡುವುದಿಲ್ಲ. ಹಾಲಿನಂತೆ ಬೆಳ್ಳಗಾದರೆ, ಕೆಂಪಾದರೆ, ಗುಡ್ಡೆ ಊದಿದ ಹಾಗಿದ್ದರೆ, ಬೆಕ್ಕು ಕಣ್ಣು ಮುಚ್ಚಿಕೊಂಡೇ ಇದ್ದರೆ ಅದು ಬೇರೆ ಮಾತು, ವೈದ್ಯರಿಗೆ ತೋರಿಸಲೇಬೇಕು.

ಇನ್ನು ಮರೆವು. ಬರೀ ಕಣ್ಣು ಹೋದ ಬೆಕ್ಕು ಹಳೆಯ ದಾರಿಯಲ್ಲಿ ಎಡವುವುದಿಲ್ಲ, ಹೊಸದಾಗಿ ಇಟ್ಟ ಕೊಡಕ್ಕೆ ಹಾಯುತ್ತದೆ. ಮರೆವು ಬಂದ ಬೆಕ್ಕು ಹಳೆಯ ದಾರಿಯಲ್ಲೇ ನಿಂತುಬಿಡುತ್ತದೆ. ಬಾಗಿಲು ತೆರೆಯುವ ಕಡೆ ಬಿಟ್ಟು ತಿರುಗಣಿ ಕಡೆ ಕಾಯುತ್ತದೆ. ಈಗ ತಾನೇ ಉಂಡು ಮತ್ತೆ ತಟ್ಟೆಯ ಮುಂದೆ ಕೂಗುತ್ತದೆ. ಹಗಲೆಲ್ಲ ಮಲಗಿ ನಡುರಾತ್ರಿ ಮನೆ ತುಂಬ ತಿರುಗುತ್ತದೆ. ತೊಡೆಯ ಮೇಲೆ ಮಲಗುತ್ತಿದ್ದುದು ಮುಟ್ಟಗೊಡುವುದಿಲ್ಲ, ಇಲ್ಲವೇ ಯಾರಿಗೂ ಅಂಟಿಕೊಳ್ಳದ ಬೆಕ್ಕು ಕಾಲು ಬಿಟ್ಟು ಕದಲುವುದಿಲ್ಲ. ಇವೆಲ್ಲ ತಿಂಗಳುಗಟ್ಟಲೆ ನಿಧಾನವಾಗಿ ಬರುವಂಥವು. ಒಂದೆರಡು ದಿನದಲ್ಲಿ ಒಟ್ಟಿಗೇ ಬಂದರೆ ಅದನ್ನು ಮರೆವು ಎನ್ನಬೇಡಿ. ವಿಷ, ಜ್ವರ, ಮಿದುಳಿನ ರಕ್ತಸ್ರಾವ, ಹೊರಗೆ ತಿರುಗುವ ಲಸಿಕೆಯಿಲ್ಲದ ಬೆಕ್ಕಾದರೆ ಹುಚ್ಚುರೋಗ, ಇವುಗಳ ಅನುಮಾನ ಮೊದಲು ಬರಬೇಕು. ಜೊಲ್ಲು ಸುರಿಸುತ್ತಾ ಕಂಡಕಂಡವರ ಮೇಲೆ ಎರಗುವ ಬೆಕ್ಕನ್ನು ಬರಿಗೈಯಲ್ಲಿ ಹಿಡಿಯಬೇಡಿ. ಒಂದು ಕೋಣೆಗೆ ಬಿಟ್ಟು ಬಾಗಿಲು ಹಾಕಿ ಪಶುವೈದ್ಯರನ್ನು ಕರೆಯಿರಿ.

ಒಂದೇ ದಿನದಲ್ಲಿ ಕಣ್ಣು ಹೋದರೆ

ಮುದಿ ಬೆಕ್ಕಿಗೆ ಇದ್ದಕ್ಕಿದ್ದ ಹಾಗೆ ಕಣ್ಣು ಹೋಗುವುದಕ್ಕೆ ಮುಖ್ಯ ಕಾರಣ ರಕ್ತದೊತ್ತಡ. ಬೆಕ್ಕಿಗೂ ಬಿಪಿ ಇರುತ್ತದೆಯೇ ಎಂದು ಕೇಳುವವರಿದ್ದಾರೆ. ಇರುತ್ತದೆ. ಮೂತ್ರಪಿಂಡ ಸೋತ ಬೆಕ್ಕುಗಳಲ್ಲಿ, ಥೈರಾಯ್ಡ್ ಅತಿಯಾದ ಬೆಕ್ಕುಗಳಲ್ಲಿ ಅದು ಹೆಚ್ಚು. ಮೇಲಿನ ಒತ್ತಡ 160 ದಾಟಿದರೆ ಬೆಕ್ಕಿಗೆ ಅಪಾಯ, 180 ದಾಟಿದರೆ ಕಣ್ಣು, ಮಿದುಳು, ಹೃದಯ ಮೂರಕ್ಕೂ ಕುತ್ತು. ಒತ್ತಡ ಏರಿದಾಗ ಕಣ್ಣಿನ ಒಳಪರದೆ ಬಿಟ್ಟುಕೊಳ್ಳುತ್ತದೆ, ಪಾಪೆ ಅಗಲವಾಗಿ ನಿಂತುಬಿಡುತ್ತದೆ. ಬೇಗ ಔಷಧಿ ಸಿಕ್ಕರೆ ಕೆಲವು ಬೆಕ್ಕುಗಳಲ್ಲಿ ಪರದೆ ಮತ್ತೆ ಕೂತು ಸ್ವಲ್ಪ ನೋಟ ಮರಳುತ್ತದೆ. ತಡವಾದರೆ ಇಲ್ಲ. ಹಾಗಾಗಿ ಸಂತೆ ದಿನ ನೋಡಿಕೊಂಡು ಹೋಗೋಣ ಎನ್ನಬಾರದು, ಅದೇ ದಿನ ಹೊರಡಬೇಕು. ಕಣ್ಣು ಮರಳದಿದ್ದರೂ ಬಿಪಿಗೆ ಔಷಧಿ ಬೇಕೇ ಬೇಕು. ರಾತ್ರಿ ಕೂಗುವುದು, ಮಂಕಾಗುವುದು, ಗೋಡೆ ನೋಡುತ್ತಾ ಕೂರುವುದು ಎಷ್ಟೋ ಬೆಕ್ಕುಗಳಲ್ಲಿ ಬಿಪಿ ಇಳಿದ ಮೇಲೆ ಕಡಿಮೆಯಾಗುತ್ತದೆ. ಮರೆವು ಎಂದುಕೊಂಡಿದ್ದರಲ್ಲಿ ಅರ್ಧ ಬಿಪಿಯದ್ದೇ ಆಗಿರಬಹುದು.

ಬೆಕ್ಕಿಗೆ ಸಾಮಾನ್ಯವಾಗಿ ಕೊಡುವ ಬಿಪಿ ಮಾತ್ರೆ ಆಮ್ಲೋಡಿಪಿನ್. ಮನೆಯ ಅಜ್ಜ ನುಂಗುವ ಡಬ್ಬಿಯಲ್ಲೂ ಅದೇ ಹೆಸರು ಇರಬಹುದು. ಹೆಸರು ಒಂದೇ ಎಂದು ಅದನ್ನು ಮುರಿದು ಕೊಡಬೇಡಿ. ಬೆಕ್ಕಿನ ಪ್ರಮಾಣ ಅದರ ತೂಕದ ಮೇಲೆ, ಅಳೆದ ಒತ್ತಡದ ಮೇಲೆ ನಿಲ್ಲುತ್ತದೆ, ಮೂತ್ರಪಿಂಡದ ಸ್ಥಿತಿಯನ್ನೂ ನೋಡಬೇಕಾಗುತ್ತದೆ.

ಬೆಕ್ಕಿನ ಬಿಪಿ ನೋಡುವ ಯಂತ್ರ ಪ್ರತಿ ಊರಿನ ಪಶು ಚಿಕಿತ್ಸಾಲಯದಲ್ಲಿ ಇರುವುದಿಲ್ಲ. ಆಡಳಿತಕ್ಕೆ ಉಚ್ಚಂಗಿದುರ್ಗ ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಾದರೂ ಆಸ್ಪತ್ರೆಗೆ, ಅಂಗಡಿಗೆ ಹತ್ತಿರ ದಾವಣಗೆರೆ. ಹೊರಡುವ ಮುಂಚೆ ಅಲ್ಲಿಗೆ ಫೋನ್ ಮಾಡಿ, ಬೆಕ್ಕಿನ ಬಿಪಿ ನೋಡುತ್ತೀರಾ, ರಕ್ತ ಪರೀಕ್ಷೆ ಮಾಡಿಸುತ್ತೀರಾ ಎಂದು ಕೇಳಿಕೊಳ್ಳಿ. ಇನ್ನೂ ಆಳವಾದ ಪರೀಕ್ಷೆ ಬೇಕಾದರೆ ಶಿವಮೊಗ್ಗ, ಗದಗದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಎಲ್ಲಿಗೆ ಹೋಗಬೇಕು ಎಂದೇ ತಿಳಿಯದಿದ್ದರೆ ಪಶುಪಾಲನಾ ಇಲಾಖೆಯ 1962 ಸಹಾಯವಾಣಿಗೆ ಕರೆ ಮಾಡಬಹುದು. ಆ ಸೇವೆ ಹೆಚ್ಚಾಗಿ ದನಕರುಗಳ ಸುತ್ತ ನಡೆಯುವಂಥದ್ದು, ಆದರೂ ಹತ್ತಿರದ ವೈದ್ಯರ ಸುಳಿವು ಸಿಗುತ್ತದೆ.

ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಒಯ್ಯಬೇಡಿ. ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟ್ ಎರಡು ತಂದು ಒಂದರ ಬಾಯಿಗೆ ಇನ್ನೊಂದರ ಬಾಯಿ ಕೂಡಿಸಿ ಹಗ್ಗದಿಂದ ಬಿಗಿದರೆ ಗಾಳಿಯಾಡುವ ಗಟ್ಟಿ ಪೆಟ್ಟಿಗೆ ಆಯಿತು. ಒಳಗೆ ಅದು ದಿನಾ ಮಲಗುವ ಬಟ್ಟೆ, ಮೇಲೆ ಒಂದು ತೆಳು ಸೀರೆ. ಮನೆಯಲ್ಲಿ ಅದು ಹೇಗೆ ನಡೆಯುತ್ತದೆ, ರಾತ್ರಿ ಹೇಗೆ ಕೂಗುತ್ತದೆ ಅನ್ನುವುದನ್ನು ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಂಡು ಹೋಗಿ. ಆಸ್ಪತ್ರೆಯ ಮೇಜಿನ ಮೇಲೆ ಬೆಕ್ಕು ಮುದುಡಿ ಕೂತುಬಿಡುತ್ತದೆ, ವೈದ್ಯರಿಗೆ ಏನೂ ಕಾಣುವುದಿಲ್ಲ. ನೀರು ಹೆಚ್ಚು ಕುಡಿಯುತ್ತಿದೆಯೇ, ಸೊರಗಿದೆಯೇ, ಇಲಿ ಪಾಷಾಣ ಮನೆಯಲ್ಲಿ ಇಟ್ಟಿದ್ದಿರೇ ಎಂದು ಅವರು ಕೇಳುತ್ತಾರೆ. ಉತ್ತರ ಸಿದ್ಧವಾಗಿರಲಿ.

ಇಲಿ ಹಿಡಿಯುವುದು ನಿಂತ ಮೇಲೆ

ಈ ಭಾಗದ ಮನೆಗಳಲ್ಲಿ ಬೆಕ್ಕಿಗೆ ಕೊಡುವುದು ಹಾಲು, ಅನ್ನ, ರೊಟ್ಟಿಯ ಚೂರು. ಮಾಂಸ ಬೇಯಿಸದ ಮನೆಗಳೇ ಬಹಳ. ಅದೇ ಊಟದಲ್ಲಿ ನಮ್ಮ ಬೆಕ್ಕುಗಳು ಗಟ್ಟಿಮುಟ್ಟಾಗಿ ಬದುಕಿದ್ದಾವಲ್ಲ ಎನ್ನುತ್ತಾರೆ. ಬದುಕಿದ್ದು ಹಾಲು ಅನ್ನದಿಂದ ಅಲ್ಲ, ಜೋಳದ ಚೀಲದ ಸಂದಿಯ ಇಲಿಗಳಿಂದ. ಬೆಕ್ಕಿನ ಕಣ್ಣಿನ ಪರದೆಗೂ ಹೃದಯಕ್ಕೂ ಟಾರಿನ್ ಎಂಬ ಅಂಶ ಬೇಕು. ಅದನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳುವುದಿಲ್ಲ, ಮಾಂಸದಿಂದಲೇ ಸಿಗಬೇಕು. ಟಾರಿನ್ ಇಲ್ಲದ ಆಹಾರ ತಿಂದ ಬೆಕ್ಕಿನ ಕಣ್ಣಿನ ಪರದೆ ಸವೆದು ಕುರುಡಾಗುವುದನ್ನು ವಿಜ್ಞಾನಿಗಳು 1975ರಲ್ಲಿಯೇ ತೋರಿಸಿದ್ದಾರೆ. ಇಲಿಯ ಮೈಯಲ್ಲಿ ಅದು ಬೇಕಾದಷ್ಟಿರುತ್ತದೆ.

ಈಗ ಮುಪ್ಪು ಬಂದ ಬೆಕ್ಕನ್ನು ನೋಡಿ. ಕೀಲು ಹಿಡಿದಿವೆ, ಕಣ್ಣು ಮಂಜು, ಬೇಟೆ ನಿಂತಿತು. ಅಲ್ಲಿಗೆ ಅದರ ಏಕೈಕ ಮಾಂಸದ ಮೂಲವೂ ನಿಂತಿತು. ಉಳಿದದ್ದು ಹಾಲು ಅನ್ನ. ಅಳಿದುಳಿದ ನೋಟವೂ ಇದರಿಂದ ಹೋಗಬಹುದು. ಮನೆಯವರು ಎಲ್ಲಕ್ಕಿಂತ ಮೊದಲು ಬದಲಾಯಿಸಬೇಕಾದ್ದು ಇದನ್ನೇ ಎಂದು ನಾನು ಬಲವಾಗಿ ನಂಬುತ್ತೇನೆ. ಹೋದ ಪರದೆ ಮರಳುವುದಿಲ್ಲ, ಇನ್ನಷ್ಟು ಹೋಗುವುದು ತಪ್ಪುತ್ತದೆ.

ಮಾಂಸ ಮಾಡುವ ಮನೆಯಾದರೆ ಕೋಳಿಯ ಹೃದಯ, ತೊಡೆಯ ಕಪ್ಪು ಮಾಂಸ ಉಪ್ಪು ಖಾರವಿಲ್ಲದೆ ಬೇಯಿಸಿ ಸಣ್ಣಗೆ ಹೆಚ್ಚಿ ಕೊಡಿ. ಟಾರಿನ್ ಬೆಂದ ನೀರಿಗೆ ಇಳಿಯುತ್ತದೆ, ಆ ನೀರನ್ನೂ ತಟ್ಟೆಗೇ ಹಾಕಿ. ಬೆಂದ ಮೂಳೆ ಕೊಡಬೇಡಿ, ಸೀಳಿ ಚುಚ್ಚುತ್ತದೆ. ಮನೆಯ ಸಾರು ಮಾತ್ರ ಬೇಡವೇ ಬೇಡ, ಉಳ್ಳಾಗಡ್ಡಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ. ಮಾಂಸ ತರದ ಮನೆಯಾದರೆ ಪ್ಯಾಕೆಟ್‌ನ ಬೆಕ್ಕಿನ ಆಹಾರ ತನ್ನಿ. ದಾವಣಗೆರೆಯಲ್ಲಿ ಸಿಗುತ್ತದೆ, ಬೆಕ್ಕಿನ ಪೂರ್ಣ ಆಹಾರವೆಂದು ಬರೆದದ್ದರಲ್ಲಿ ಟಾರಿನ್ ಸೇರಿಸಿರುತ್ತಾರೆ. ನಾಯಿಯ ಪ್ಯಾಕೆಟ್ ಅಗ್ಗವೆಂದು ತರಬೇಡಿ, ಬೆಕ್ಕಿಗೆ ಅದು ಸಾಲದು. ಒಣ ಕಾಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿಟ್ಟರೆ ವಾಸನೆ ಏಳುತ್ತದೆ. ಕಣ್ಣಿಲ್ಲದ ಬೆಕ್ಕು ಆ ವಾಸನೆ ಹಿಡಿದೇ ತಟ್ಟೆಗೆ ಬರುತ್ತದೆ, ಹಲ್ಲಿಲ್ಲದ ಬಾಯಿಗೂ ಸುಲಭ, ನೀರೂ ಹೊಟ್ಟೆಗೆ ಹೋಗುತ್ತದೆ. ಹಾಲು ಕುಡಿದು ಭೇದಿಯಾಗುವ ಬೆಕ್ಕುಗಳೇ ಹೆಚ್ಚು. ರೂಢಿಯಿದ್ದರೆ ಒಂದೆರಡು ಚಮಚ ಸಾಕು. ಮೂತ್ರಪಿಂಡದ ತೊಂದರೆ ಇದೆಯೆಂದು ವೈದ್ಯರು ಹೇಳಿದ್ದರೆ ಆಹಾರದ ವಿಷಯದಲ್ಲಿ ಅವರ ಮಾತೇ ಕೊನೆ.

ಅನ್ನದಷ್ಟೇ ಮುಖ್ಯವಾದದ್ದು ವಿಷದ ಬಗೆಗಿನ ಎಚ್ಚರ. ಬೆಕ್ಕು ಇಲಿ ಹಿಡಿಯದಾದಾಗ ಮನೆಯವರು ಇಲಿ ಪಾಷಾಣ ತರುತ್ತಾರೆ, ಪಾಷಾಣ ತಿಂದು ತೂರಾಡುವ ಇಲಿ ಮುದಿ ಬೆಕ್ಕಿಗೂ ಸುಲಭವಾಗಿ ಸಿಗುತ್ತದೆ. ಬೋನು ಇಡಿ. ದನದ ಉಣ್ಣೆಗೆ ಹಚ್ಚುವ, ಸಿಂಪಡಿಸುವ ಔಷಧಿ ಬೆಕ್ಕಿನ ಮೈಗೆ ಸೋಕಿದರೂ ನಡುಕ, ಸೆಳೆತ ಬರಬಹುದು. ದನದ ಮೈ ಒಣಗುವವರೆಗೆ ಬೆಕ್ಕನ್ನು ಕೊಟ್ಟಿಗೆಗೆ ಬಿಡಬೇಡಿ. ಜ್ವರದ ಪ್ಯಾರಾಸಿಟಮಾಲ್ ಮಾತ್ರೆಯ ಚೂರು ಸಾಕು ಬೆಕ್ಕು ಸಾಯಲು. ಎನ್ರೋಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್ ದನ, ನಾಯಿಗಳಿಗೆ ಬಹಳ ಬಳಕೆಯಲ್ಲಿದೆ. ಬೆಕ್ಕಿಗೆ ಅದು ಹೆಚ್ಚಾದರೆ ಕಣ್ಣಿನ ಪರದೆಯನ್ನೇ ಸುಡುತ್ತದೆ. ಕರುವಿಗೆ ತಂದು ಉಳಿದ ಔಷಧಿಯನ್ನು ಅಂದಾಜಿನಲ್ಲಿ ಬೆಕ್ಕಿಗೆ ಕೊಡುವ ರೂಢಿ ಇದ್ದರೆ ಇವತ್ತೇ ಬಿಡಿ. ಯಾವ ಚುಚ್ಚುಮದ್ದಿಗೂ ಮುಂಚೆ ಬೆಕ್ಕನ್ನು ತೂಗಿಸಿ.

ಮನೆ ಕಿರಿದಾಗಲಿ

ಕಣ್ಣು ಮಾತ್ರ ಹೋದ ಬೆಕ್ಕಿಗೆ ಇಡೀ ಮನೆ ಬಿಟ್ಟುಕೊಡಬಹುದು, ಸಾಮಾನು ಕದಲಿಸದಿದ್ದರೆ ಸಾಕು. ಕಣ್ಣು, ನೆನಪು ಎರಡೂ ಹೋಗುತ್ತಿರುವ ಬೆಕ್ಕಿಗೆ ಇಡೀ ಮನೆ ಬಲು ದೊಡ್ಡದಾಯಿತು. ಅದರ ಲೋಕವನ್ನು ಒಂದು ಕೋಣೆಗೆ, ಮರೆವು ಹೆಚ್ಚಾದಂತೆ ಆ ಕೋಣೆಯ ಒಂದು ಮಗ್ಗುಲಿಗೆ ತನ್ನಿ. ಇದು ಕೂಡಿಹಾಕಿದಂತೆ ಎಂದು ಮನಸ್ಸಿಗೆ ಕಸಿವಿಸಿಯಾಗುವುದು ಸಹಜ. ಆದರೆ ಎತ್ತ ಹೋದರೂ ತಿಳಿಯದೆ ತಿರುಗುವ ಭಯಕ್ಕಿಂತ ನಾಲ್ಕು ಹೆಜ್ಜೆಯಲ್ಲಿ ನೀರು, ಅನ್ನ, ಹಾಸಿಗೆ, ಕಕ್ಕಸು ಸಿಗುವ ನೆಮ್ಮದಿ ಅದಕ್ಕೆ ದೊಡ್ಡದು.

ಜನ ಹೆಚ್ಚು ತುಳಿಯದ, ಆದರೆ ಮನೆಯ ಮಾತು ಕೇಳುವ ಕೋಣೆ ಒಳ್ಳೆಯದು. ಅಡುಗೆಮನೆಗೆ ತಾಗಿದ ಕೋಣೆಯಾದರೆ ಬೆಕ್ಕಿಗೆ ಹೊತ್ತು ತಿಳಿಯುತ್ತದೆ: ರೊಟ್ಟಿ ತಟ್ಟುವ ಸದ್ದು ಬಂದರೆ ಬೆಳಗು, ಪಾತ್ರೆ ತೊಳೆಯುವ ಸದ್ದು ಬಂದರೆ ರಾತ್ರಿ. ಒಂದು ಗೋಡೆಗುಂಟ ಹಾಸಿಗೆ, ಅದರಾಚೆ ನೀರು, ನೀರಿನಾಚೆ ತಟ್ಟೆ, ಎದುರು ಮೂಲೆಯಲ್ಲಿ ಮಣ್ಣಿನ ತಟ್ಟೆ ಇಡಿ. ಊಟದ ಪಕ್ಕದಲ್ಲೇ ಮಣ್ಣಿಟ್ಟರೆ ಬೆಕ್ಕು ಎರಡನ್ನೂ ಬಿಡುತ್ತದೆ. ಹಾಸಿಗೆಯಿಂದ ತಟ್ಟೆಯವರೆಗೆ ಗೋಣಿತಾಟು ಹಾಸಿ, ಮಣ್ಣಿನ ಕಡೆಗೆ ಬೇರೆ ಬಗೆಯದು, ಚಾಪೆಯ ಚೂರೋ ಹಳೆ ಕಂಬಳಿಯೋ ಹಾಸಿ. ಅಂಗಾಲಿಗೆ ದಾರಿ ಗೊತ್ತಾಗುತ್ತದೆ. ನುಣ್ಣನೆಯ ಬಂಡೆ ನೆಲ, ಟೈಲ್ಸ್ ನೆಲದಲ್ಲಿ ಜಾರುವುದೂ ತಪ್ಪುತ್ತದೆ. 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇ ನೋಡಿದ ಅಮೆರಿಕದ ಅಧ್ಯಯನವೊಂದರಲ್ಲಿ 90 ಬೆಕ್ಕುಗಳ ಕೀಲು ಸವೆದಿದ್ದವು. ಕುಂಟದೆಯೇ ನೋವು ತಿನ್ನುವ ಪ್ರಾಣಿ ಬೆಕ್ಕು. ಜಿಗಿಯುವುದನ್ನು ಬಿಟ್ಟದ್ದೇ ನೋವಿನ ಗುರುತು.

ಮಣ್ಣಿನ ತಟ್ಟೆಯ ಅಂಚು ನಾಲ್ಕು ಬೆರಳಿಗಿಂತ ಎತ್ತರ ಬೇಡ. ಹಳೆಯ ಪ್ಲಾಸ್ಟಿಕ್ ಟಬ್ಬಿನ ಒಂದು ಬದಿ ಕೊಯ್ದು ಅಂಚನ್ನು ಬಟ್ಟೆಯಿಂದ ಸುತ್ತಿದರೂ ಆಯಿತು. ಬೂದಿ ಹಾಕಬೇಡಿ, ಒದ್ದೆಯಾದರೆ ಅಂಗಾಲು ಸುಡುತ್ತದೆ. ಹಿತ್ತಲಲ್ಲಿ ಬೆಕ್ಕು ಇಷ್ಟು ವರ್ಷ ಹೋಗುತ್ತಿದ್ದ ಜಾಗದ ಮಣ್ಣನ್ನೇ ಎರಡು ಹಿಡಿ ತಂದು ಮೇಲೆ ಹರಡಿ, ಮೂಗು ಉಳಿದದ್ದನ್ನು ತಿಳಿದುಕೊಳ್ಳುತ್ತದೆ. ದಿನಾ ತೆಗೆದು ಹೊಸದು ಹಾಕುವಾಗ ಹಳೆಯದರ ಒಂದು ಹಿಡಿ ಉಳಿಸಿ.

ಮಾಳಿಗೆಯ ಗವಾಕ್ಷಿ, ಏಣಿ, ತೆರೆದ ನೀರಿನ ತೊಟ್ಟಿ, ಹಿತ್ತಲ ಬಾವಿ, ಉರಿಯುವ ಒಲೆ, ಇವು ಐದೂ ಕಣ್ಣಿಲ್ಲದ ಬೆಕ್ಕಿಗೆ ಸಾವಿನ ಬಾಯಿ. ಗವಾಕ್ಷಿಗೆ ಜಾಲರಿ, ತೊಟ್ಟಿಗೆ ಮುಚ್ಚಳ, ಏಣಿಯ ಬುಡಕ್ಕೆ ಅಡ್ಡ ಹಲಗೆ ಇಂದೇ ಹಾಕಿ. ಕಟ್ಟೆ ಏರುವ ಆಸೆ ಇನ್ನೂ ಇದ್ದರೆ ಗೋಣಿತಾಟು ಮೊಳೆಹೊಡೆದ ಹಲಗೆಯನ್ನು ಇಳಿಜಾರಾಗಿ ಇಡಿ.

ಬೆಕ್ಕಿಗೆ ನಮಗೆ ಬೇಕಾದ ಬೆಳಕಿನ ಆರನೇ ಒಂದು ಪಾಲು ಸಾಕು ಅನ್ನುವುದು ಹರೆಯದ ಮಾತು. ಮಂಜುಗಣ್ಣಿನ ಬೆಕ್ಕು ಮೊದಲು ಸೋಲುವುದು ಮುಸ್ಸಂಜೆಯಲ್ಲಿ. ರಾತ್ರಿಯೆಲ್ಲ ಒಂದು ಝೀರೋ ಬಲ್ಬ್ ಉರಿಯಲಿ, ಕರೆಂಟ್ ಹೋಗುವ ಊರಾದರೆ ಬ್ಯಾಟರಿಯದ್ದು. ಪೂರ್ತಿ ಕುರುಡಾಗಿದ್ದರೆ ಇದರಿಂದ ಲಾಭವಿಲ್ಲ, ನಡುರಾತ್ರಿ ಏಳುವ ಮನೆಯವರು ಅದನ್ನು ತುಳಿಯದಿರುವುದಷ್ಟೇ ಲಾಭ.

ಮುಟ್ಟುವ ಮುಂಚೆ ಮಾತಾಡಿಸಿ. ಮನೆಯವರೆಲ್ಲ ಒಂದೇ ಹೆಸರಿನಿಂದ, ಒಂದೇ ರಾಗದಲ್ಲಿ ಕರೆಯಲಿ. ಕಿವಿಯೂ ಮಂದವಾಗಿದ್ದರೆ ನೆಲವನ್ನು ಹಗುರಾಗಿ ತಟ್ಟಿ, ಕೈಯನ್ನು ಮೂಗಿನ ಮುಂದೆ ಹಿಡಿದು, ಅದು ಮೂಸಿದ ಮೇಲೆ ಮುಟ್ಟಿ. ಎತ್ತಿಕೊಂಡು ಬೇರೆಲ್ಲೋ ಇಳಿಸಬೇಡಿ, ಎತ್ತಿದರೆ ಹಾಸಿಗೆಯಲ್ಲೋ ತಟ್ಟೆಯ ಮುಂದೆಯೋ ಇಳಿಸಿ. ಅಲ್ಲಿಂದ ಅದಕ್ಕೆ ದಾರಿ ಗೊತ್ತು. ಬೆಚ್ಚಿದ ಬೆಕ್ಕು ಕಚ್ಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಮನೆಯ ಬೆಕ್ಕೇ ಎಂದು ಸುಮ್ಮನಿರಬೇಡಿ. ಬೆಕ್ಕಿಗೆ ವರ್ಷಕ್ಕೊಮ್ಮೆ ರೇಬಿಸ್ ಲಸಿಕೆ ಹಾಕಿಸುವುದೂ ಇದೇ ಲೆಕ್ಕದ್ದು.

ಸುಣ್ಣ, ಸುಗ್ಗಿ, ಜಾತ್ರೆಯ ದಿನಗಳಿಗೆ ಬೇರೆಯೇ ಏರ್ಪಾಡು ಬೇಕು. ಮುದಿ ಬೆಕ್ಕಿನ ಕೋಣೆಗೆ ಈ ವರ್ಷ ಸುಣ್ಣ ಬೇಡ. ಹೊಡೆಯಲೇಬೇಕೆಂದರೆ ಹಾಸಿಗೆಯ ಬಟ್ಟೆ, ಗೋಣಿತಾಟು ಒಗೆಯದೆ ಹಾಗೇ ಇಟ್ಟುಕೊಂಡು, ಒಣಗಿದ ಮೇಲೆ ಅದೇ ಜಾಗಕ್ಕೆ ಹಾಸಿ. ಅಲ್ಲಿ ಫಿನಾಯಿಲ್ ಹಾಕಬೇಡಿ. ವಾಸನೆಯ ಗುರುತು ಅಳಿಸಿಹಾಕುವುದಲ್ಲದೆ ಬೆಕ್ಕಿನ ಯಕೃತ್ತಿಗೆ ಅದು ವಿಷ, ಅಂಗಾಲಿಗೆ ಹತ್ತಿದ್ದನ್ನು ನೆಕ್ಕಿ ಒಳಗೆ ತೆಗೆದುಕೊಳ್ಳುತ್ತದೆ. ಬಿಸಿನೀರು, ಸೋಪು ಸಾಕು. ಮೆಕ್ಕೆಜೋಳದ ಚೀಲ ಬರುವ ಸುಗ್ಗಿಯಲ್ಲಿ ಬೆಕ್ಕಿನ ದಾರಿ ಬಿಟ್ಟು ಒಟ್ಟಿ. ಭರತ ಹುಣ್ಣಿಮೆಗೋ ಯುಗಾದಿಗೋ ಉಚ್ಚಂಗೆಮ್ಮನ ಗುಡ್ಡಕ್ಕೆ ಜನ ಸೇರಿ ಮನೆಯಲ್ಲಿ ನೆಂಟರು ತುಂಬಿದಾಗ ಆ ಕೋಣೆಯ ಬಾಗಿಲು ಹಾಕಿರಲಿ, ಮಕ್ಕಳಿಗೆ ಹೇಳಿರಿ. ಏಪ್ರಿಲ್, ಮೇ ಬಿಸಿಲಿನಲ್ಲಿ ಮುದಿ ಬೆಕ್ಕು ನೀರು ಕುಡಿಯುವುದನ್ನೇ ಮರೆಯುತ್ತದೆ, ಮೂತ್ರಪಿಂಡ ಸೋತಿದ್ದರೆ ಎರಡೇ ದಿನದಲ್ಲಿ ನೆಲ ಹಿಡಿಯುತ್ತದೆ. ಅಗಲ ಬಾಯಿಯ ಮಣ್ಣಿನ ಬೋಗುಣಿ ಎರಡು ಕಡೆ ಇಡಿ, ಊಟಕ್ಕೆ ನೀರು ಬೆರೆಸಿ ಕೊಡಿ.

ರಾತ್ರಿಯ ಕೂಗು

ಮನೆಯವರನ್ನು ಸೋಲಿಸುವುದು ಇದು. ಎರಡು ಗಂಟೆಗೆ ಎದ್ದು ಮಗು ಅತ್ತ ಹಾಗೆ ಕೂಗುತ್ತದೆ, ನಿಲ್ಲಿಸುವುದಿಲ್ಲ. ಬೈದರೆ, ಹೊಡೆದರೆ ಹೆಚ್ಚಾಗುತ್ತದೆ, ಏಕೆಂದರೆ ಅದರ ಬೇರು ಭಯದಲ್ಲಿದೆ. ಮೊದಲು ಬಿಪಿ, ಥೈರಾಯ್ಡ್, ನೋವು ಇವನ್ನು ವೈದ್ಯರಿಂದ ನೋಡಿಸಿರಿ. ಆಮೇಲೂ ಕೂಗಿದರೆ ಹಗಲಿನ ನಿದ್ದೆಯನ್ನು ಸ್ವಲ್ಪ ಮುರಿಯಬೇಕು. ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಎಬ್ಬಿಸಿ, ಮೈ ತಿಕ್ಕಿ, ಬಾಚಿ, ಕಾಗದದ ಉಂಡೆಯ ಸದ್ದು ಮಾಡಿ ಸ್ವಲ್ಪ ಆಡಿಸಿ. ಬಾಚುವಾಗ ಉಗುರು ನೋಡಿ, ಮುದಿ ಬೆಕ್ಕಿನ ಉಗುರು ದಪ್ಪವಾಗಿ ಸುತ್ತಿಕೊಂಡು ಅಂಗಾಲಿಗೇ ಚುಚ್ಚುತ್ತದೆ. ಮಲಗುವ ಮುಂಚೆ ಹೊಟ್ಟೆ ತುಂಬ ಬೆಚ್ಚಗಿನ ಊಟ ಕೊಡಿ. ನೀವು ಉಟ್ಟು ಬಿಟ್ಟ ಸೀರೆ ಅಥವಾ ಅಂಗಿ ಅದರ ಹಾಸಿಗೆಯಲ್ಲಿರಲಿ. ಸಾಧ್ಯವಿದ್ದವರು ಒಂದಷ್ಟು ದಿನ ಅದೇ ಕೋಣೆಯಲ್ಲಿ ಮಲಗಿ, ಕೂಗಿದಾಗ ದೀಪ ಹಾಕದೆ ಹೆಸರು ಹಿಡಿದು ಮೆಲ್ಲಗೆ ಮಾತಾಡಿದರೆ ಬಹಳ ಬೆಕ್ಕುಗಳು ಸುಮ್ಮನಾಗುತ್ತವೆ.

ಮರೆವನ್ನೇ ಗುಣಪಡಿಸುವ ಔಷಧಿ ಬೆಕ್ಕಿಗೆ ಇಲ್ಲ. ಸೆಲೆಜಿಲಿನ್‌ನಂಥ ಕೆಲವನ್ನು ವೈದ್ಯರು ಪ್ರಯೋಗಿಸಿ ನೋಡುವುದುಂಟು, ಒಮೆಗಾ-3 ಸೇರಿದ ಆಹಾರ ಸೂಚಿಸುವುದುಂಟು. ಕೆಲವು ಬೆಕ್ಕುಗಳಿಗೆ ಒಗ್ಗುತ್ತವೆ, ಕೆಲವಕ್ಕೆ ಇಲ್ಲ. ಯಾರಾದರೂ ನೆನಪು ಮರಳಿಸುವ ಪುಡಿ ಎಂದು ಮಾರಿದರೆ ಆ ದುಡ್ಡನ್ನು ರಕ್ತ ಪರೀಕ್ಷೆಗೆ ಇಟ್ಟುಕೊಳ್ಳಿ.

ಬಿಟ್ಟು ಬರುವ ಮುಂಚೆ

ಬೆಕ್ಕು ಕೊಂದ ಪಾಪ ಕಾಶಿಗೆ ಹೋದರೂ ಕಳೆಯದು ಎನ್ನುವ ಮನೆಗಳಲ್ಲೇ ಮುದಿ ಬೆಕ್ಕನ್ನು ಚೀಲದಲ್ಲಿ ಕಟ್ಟಿ ಇನ್ನೊಂದೂರಿನ ಸಂತೆಮಾಳದಲ್ಲಿ ಬಿಟ್ಟು ಬರುವುದೂ ನಡೆಯುತ್ತದೆ. ಕಣ್ಣು ಕಾಣದ, ದಾರಿ ಮರೆತ ಪ್ರಾಣಿಗೆ ಅದು ಹಸಿವು, ನಾಯಿ, ಲಾರಿಗಳ ನಡುವಿನ ಸಾವು. ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ ಕೂಡ. ಕಾಯ್ದೆಯ ಮಾತು ಹಾಗಿರಲಿ, ಹದಿನೈದು ವರ್ಷ ನಿಮ್ಮ ಜೋಳ ಕಾಯ್ದ ಪ್ರಾಣಿಗೆ ಇದನ್ನು ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಊಟ ಬಿಟ್ಟು, ನೀರು ಬಿಟ್ಟು, ಮುಟ್ಟಿದರೂ ನೆಮ್ಮದಿಯಾಗದೆ, ಎಚ್ಚರದ ಹೊತ್ತೆಲ್ಲ ಹೆದರಿಕೆಯಲ್ಲೇ ಕಳೆಯುತ್ತಿದ್ದರೆ ನೋವಿಲ್ಲದೆ ಮಲಗಿಸುವ ಬಗ್ಗೆ ಪಶುವೈದ್ಯರ ಹತ್ತಿರ ಮಾತಾಡಬಹುದು. ಒಳ್ಳೆಯ ದಿನ, ಕೆಟ್ಟ ದಿನ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಬನ್ನಿ. ಕೆಟ್ಟ ದಿನಗಳೇ ಹೆಚ್ಚಾದಾಗ ನಿರ್ಧಾರಕ್ಕೆ ಆ ಗುರುತುಗಳು ಆಧಾರ. ಹಾಗೆ ಮಲಗಿಸಿದ ದೇಹದಲ್ಲಿ ಔಷಧಿಯ ಅಂಶ ಉಳಿದಿರುತ್ತದೆ. ನಾಯಿ ಕೆದರದಷ್ಟು ಆಳದಲ್ಲಿ, ಬಾವಿ, ಕೊಳವೆಬಾವಿಯಿಂದ ದೂರದಲ್ಲಿ ಹೂಳಬೇಕು.

ಮನೆಯಲ್ಲಿ ಈಗ ಏಳೆಂಟು ವರ್ಷದ, ಇನ್ನೂ ಇಲಿ ಹಿಡಿಯುವ ಬೆಕ್ಕು ಇರುವವರು ಕಾಯಬೇಕಿಲ್ಲ. ಹಾಲು ಅನ್ನದ ಜೊತೆಗೆ ಮಾಂಸವನ್ನೋ ಪ್ಯಾಕೆಟ್ ಆಹಾರವನ್ನೋ ಇವತ್ತಿನಿಂದ ರೂಢಿಸಿ, ಮುಪ್ಪಿನಲ್ಲಿ ಹೊಸ ರುಚಿಯನ್ನು ಬೆಕ್ಕು ಮೂಸಿಯೂ ನೋಡುವುದಿಲ್ಲ. ವರ್ಷಕ್ಕೊಮ್ಮೆ, ಹತ್ತು ದಾಟಿದ ಮೇಲೆ ಆರು ತಿಂಗಳಿಗೊಮ್ಮೆ ತೂಕ, ಬಿಪಿ, ಕಣ್ಣು ನೋಡಿಸಿ. ಟೊಮೆಟೊ ಕ್ರೇಟನ್ನು ಈಗಲೇ ಮೂಲೆಯಲ್ಲಿ ಇಟ್ಟು ಒಳಗೆ ಬಟ್ಟೆ ಹಾಸಿ ಬಿಡಿ. ಅದರಲ್ಲಿ ಮಲಗಿ ಅಭ್ಯಾಸವಾದ ಬೆಕ್ಕು ಮುಂದೆ ದಾವಣಗೆರೆಯವರೆಗೆ ಬಸ್ಸಿನಲ್ಲಿ ಗಲಾಟೆಯಿಲ್ಲದೆ ಬರುತ್ತದೆ.